ಮಿಲ್ಲಿನ ಟಿವಿಯಲ್ಲಿ ಕೆಂಪಾದ ಹೆಸರುಗಳು

ಹದಿನೇಳನೇ ವಯಸ್ಸಿಗೆ ನಾನು ಕೆಲಸದಿಂದ ನಿವೃತ್ತನಾದೆ. ಮಾನ್ವಿಯಲ್ಲಿ ಇಷ್ಟು ಬೇಗ ನಿವೃತ್ತರಾದವರು ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ. ನಮ್ಮ ಓಣಿಯ ಉಳಿದ ನಿವೃತ್ತರು ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ಕೂತು ಮೊಣಕಾಲು ನೋವಿನ ವಿಷಯ ಮಾತಾಡುತ್ತಾರೆ. ನಾನೂ ಒಂದೆರಡು ದಿನ ಹೋಗಿ ಕೂತೆ. ನನ್ನ ಮೊಣಕಾಲು ನೋಯಲಿಲ್ಲ, ಹಾಗಾಗಿ ಮಾತಿಗೆ ವಿಷಯ ಸಿಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಬಿಟ್ಟ ಕುರ್ಚಿಯಲ್ಲಿ ಈಗ ಅಕ್ಷತಾ ಕೂರುತ್ತಾಳೆ. ನಮ್ಮ ಮಿಲ್ಲಿನ ಸಾಹುಕಾರರ ತಂಗಿಯ ಮಗಳು, ಮೊನ್ನೆ ಮೊನ್ನೆ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಅವಳಿಗೂ ಅವಳ ಹಿಂದೆ ಬರುವವರಿಗೂ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ತಿಳಿಸುವುದು ಹಿರಿಯನಾದ ನನ್ನ ಕರ್ತವ್ಯ. ವಿಡಿಯೋ ನೋಡಿ ಕೋಡ್ ಕಲಿಯಬಹುದು. ಆ ಕೋಡ್ ನೋಡಿ ಜನ ಏನು ಮಾಡುತ್ತಾರೆ ಎಂಬುದು ಯಾವ ವಿಡಿಯೋದಲ್ಲೂ ಇಲ್ಲ.

ಕೆಲಸ ಇಷ್ಟೇ. ಊರ ಹೊರಗಿನ ಒಂದು ರೈಸ್ ಮಿಲ್ಲು. ಅದರ ಅಂಗಳದ ಗೋಡೆಗೆ ರಾಯಚೂರಿನಿಂದ ತಂದು ಹಾಕಿದ ದೊಡ್ಡ ಟಿವಿ. ಟಿವಿಯಲ್ಲಿ ಒಂದು ಟೇಬಲ್. ಪ್ರತಿ ಸಾಲಿಗೂ ಎಡತುದಿಯಲ್ಲಿ ಭತ್ತ ತಂದವರ ಹೆಸರು. ಅದೇ ಆ ಸಾಲಿನ ಲೇಬಲ್. ಪಕ್ಕದಲ್ಲಿ ಊರು, ಚೀಲ, ಭತ್ತದಲ್ಲಿರುವ ಹಸಿ, ಅಂದರೆ ತೇವ ನೂರಕ್ಕೆ ಎಷ್ಟು ಎಂಬ ಅಂಕಿ. ಹೆಚ್ಚು ಹಸಿ ಇದ್ದವರು ಮೇಲೆ, ಕಡಿಮೆ ಇದ್ದವರು ಕೆಳಗೆ. ಹಸಿ ಒಂದು ಗಡಿ ದಾಟಿದರೆ ಹೆಸರಿನ ಬಣ್ಣ ತಾನಾಗಿಯೇ ಬದಲಾಗಬೇಕು. ಆ 'ತಾನಾಗಿಯೇ' ಎಂಬುದೇ ನಾನು.

ಬಣ್ಣ ಯಾಕೆ ಎಂದರೆ, ಹಸಿ ಭತ್ತ ಚೀಲದಲ್ಲಿ ಕೂತರೆ ಕಾವು ಏರುತ್ತದೆ, ಕಾವು ಏರಿದರೆ ಮೊಳಕೆ ಒಡೆಯುತ್ತದೆ. ಮಿಲ್ಲಿನಲ್ಲಿ ಒಣಗಿಸುವ ಡ್ರೈಯರ್ ಒಂದೇ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡ ಆ ಸುಗ್ಗಿಯಲ್ಲಿ ಹಿರೇಕೊಟ್ನೆಕಲ್ಲಿನ ಯಂಕವ್ವ ಎಂಬ ಅಜ್ಜಿಯ ಮನೆಯ ವರ್ಷದ ಅನ್ನ ಆ ಒಂದು ಡ್ರೈಯರಿನ ಪಾಳಿಗೆ ಕಾದು ಕೂತಿತ್ತು. ಪಾಳಿ ನನ್ನ ಬಣ್ಣಕ್ಕೆ ಕಾದು ಕೂತಿತ್ತು. ಅಲ್ಲಿಗೆ ಬರುವ ಮೊದಲು ಒಂದೆರಡು ಸಂಗತಿ ಹೇಳಬೇಕು.

ನನ್ನ ನೇಮಕಾತಿ ಆದದ್ದು ನಮ್ಮ ಮನೆಯಲ್ಲೇ. ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟ್ರು. ಆದರೂ ಊರಿನವರು ಪಂಚಾಂಗ ಕೇಳಲು ಬರುತ್ತಾರೆ, ಯಾಕೆಂದರೆ ಹಣೆಯ ಮೇಲೆ ಅಂಗಾರ-ಅಕ್ಷತೆ ಇದೆ. ಮಿಲ್ಲಿನ ಶರಣಪ್ಪ ಸಾಹುಕಾರರು ಡ್ರೈಯರ್ ಕೂರಿಸಲು ಒಳ್ಳೆಯ ದಿನ ಕೇಳಲು ಬಂದಿದ್ದರು. ಮೂಲೆಯಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ ನಮ್ಮ ಓಣಿ ಕ್ರಿಕೆಟ್ ತಂಡದ ರನ್ನುಗಳ ಟೇಬಲ್ ಮಾಡಿಕೊಂಡಿದ್ದೆ. ಅದರಲ್ಲಿ 'ಪ್ರಾಣೇಶ' ಎಂಬ ಒಂದು ಹೆಸರು ಮಾತ್ರ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಪ್ರಾಣೇಶ ಯಾರೆಂದು ಬೇರೆ ಹೇಳಬೇಕಿಲ್ಲ.

ಸಾಹುಕಾರರು ಬಗ್ಗಿ ನೋಡಿದರು.

"ಇದು ತಾನ ಬಣ್ಣ ಬದಲಿ ಮಾಡ್ತದೇನೋ ತಮ್ಮಾ?"

"ಹೌದ್ರಿ. ಯಾರು ಗಡಿ ದಾಟ್ತಾರ, ಅವರ ಹೆಸರು ಬಂಗಾರ ಆಗ್ತದ."

"ಗಡಿ ಎಷ್ಟು? ಐವತ್ತು ರನ್ನೇನು?"

"ಇಲ್ರಿ, ಹನ್ನೆರಡು."

"ಹನ್ನೆರಡ ಯಾಕ?"

"ನಂದು ಹದಿಮೂರು ಅದಾವ್ರಿ."

ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವ್ಯಾಪಾರಸ್ಥರು ಒಬ್ಬರನ್ನೊಬ್ಬರು ಗುರುತು ಹಿಡಿಯುವ ನೋಟ ಅದು. "ಆಚಾರ್ರ, ಈ ಹುಡುಗನ್ನ ಕಾಲೇಜ್ ರಜಾ ಇದ್ದಾಗ ಮಿಲ್ಲಿಗಿ ಕಳಸ್ರಿ" ಅಂದರು.

"ಅವಾ ಗಣಿತದಾಗ ಇನ್ನೂ ನಲವತ್ತು ದಾಟಿಲ್ಲ ಶರಣಪ್ಪನವರ" ಎಂದು ಅಪ್ಪ ಎಚ್ಚರಿಸಿದರು.

"ಲೆಕ್ಕ ನಮ್ಮ ಕಡೆ ಇರ್ಲಿ ಬಿಡ್ರಿ. ಅವಾ ಬಣ್ಣ ಹಚ್ಚಿದ್ರ ಸಾಕು."

ಹೀಗೆ ನನ್ನ ವೃತ್ತಿಜೀವನ ಆರಂಭವಾಯಿತು. ಬಡ್ತಿಗಳ ವಿಷಯ ಬರೆದುಕೊಂಡು ಹೊಗಳಿಕೊಳ್ಳುವುದು ನನಗೆ ಸೇರದು. ಸ್ಟೂಲಿನಿಂದ ಪ್ಲಾಸ್ಟಿಕ್ ಕುರ್ಚಿಗೂ, ಪ್ಲಾಸ್ಟಿಕ್ ಕುರ್ಚಿಯಿಂದ ಕೈ ಇರುವ ಪ್ಲಾಸ್ಟಿಕ್ ಕುರ್ಚಿಗೂ ಏರಿದೆ ಎಂದಷ್ಟೇ ಹೇಳಿ ಬಿಡುತ್ತೇನೆ.

ಮೊದಲ ದಿನವೇ ಮೊದಲ ಸೋಲು. ಗಡಿ ದಾಟಿದ ಹಸಿಯ ಅಂಕಿಗಳಿಗೆಲ್ಲ ಕೆಂಪು ಹಚ್ಚಿ, ಕೈಕಟ್ಟಿ ಟಿವಿಯ ಕೆಳಗೆ ನಿಂತೆ. ಯಾರೂ ಕತ್ತೆತ್ತಿ ನೋಡಲಿಲ್ಲ. ಡ್ರೈಯರ್ ನಡೆಸುವ ಖಾಜಾ ಚಾಚಾ ಅಂಗಳದ ಆ ತುದಿಯಿಂದ ಕೂಗಿದರು.

"ಏನ್ ಹಚ್ಚೀಯೋ ಪ್ರಾಣೇಶ, ಇಲ್ಲಿಂದ ನನಗ ಇರುವಿ ಸಾಲು ಕಂಡಂಗ ಕಾಣ್ತದ."

"ಚಾಚಾ, ಕೆಂಪು ಅಂಕಿ ನೋಡ್ರಿ. ಅವು ಹಸಿ ಭತ್ತ."

"ಅಂಕಿ ತಗೊಂಡು ಏನ್ ಮಾಡ್ಲಿ ಭಾಯಿ? ಅಂಕಿನ ಕೂಗಿ ಕರಿಯಾಕ ಆಗ್ತದಾ? ಹೆಸರು ಹೇಳು, ಚೀಲ ಎಳಕೊಂಡು ಬರ್ತಾರ."

ಸಾಹುಕಾರರೂ ಅದನ್ನೇ ಹೇಳಿದರು. "ಜನ ಅಂಕಿ ನೋಡಂಗಿಲ್ಲೋ ತಮ್ಮಾ. ತಮ್ಮ ಹೆಸರು ನೋಡ್ತಾರ. ಹೆಸರಿಗೇ ಹಚ್ಚು."

ಹೇಳಿದಷ್ಟು ಸುಲಭವಲ್ಲ ಇದು. ಟೇಬಲ್ಲಿನ ಒಳಗಿನ ಅಂಕಿಗೆ ಬಣ್ಣ ಹಚ್ಚಲು ಪೈಥಾನ್ ಕೋಡಿನಲ್ಲಿ ಒಂದು ಸಾಲು ಸಾಕು. ಸಾಲಿನ ಲೇಬಲ್ ಮಾತ್ರ ಟೇಬಲ್ಲಿನ ಒಳಗೆ ಇರುವುದೇ ಇಲ್ಲ. ಮನೆಯ ಬಾಗಿಲಿಗೆ ಹಾಕಿದ ಹೆಸರಿನ ಹಲಗೆ ಇದ್ದ ಹಾಗೆ ಅದು. ಒಳಗಿನ ಗೋಡೆಗೆಲ್ಲ ಸುಣ್ಣ ಬಳಿದರೂ ಹಲಗೆ ಹಾಗೇ ಇರುತ್ತದೆ. ಲೇಬಲ್ಲಿಗೆ ಬೇರೆಯದೇ ಅಪ್ಪಣೆ ಬರೆಯಬೇಕು. ಅದರಲ್ಲಿ ಇನ್ನೊಂದು ತಕರಾರು: ಆ ಅಪ್ಪಣೆಗೆ ಹೆಸರು ಮಾತ್ರ ಕಾಣುತ್ತದೆ, ಒಳಗಿನ ಹಸಿ ಕಾಣುವುದಿಲ್ಲ. ಹಾಗಾಗಿ ನಾನು ಹೀಗೆ ಬರೆದೆ: ಹೆಸರು ತಗೋ, ಒಳಗೆ ಹೋಗು, ಆ ಹೆಸರಿನವರ ಹಸಿ ಎಷ್ಟಿದೆ ಕೇಳು, ಗಡಿ ದಾಟಿದ್ದರೆ ಹೊರಗೆ ಬಂದು ಹೆಸರಿಗೆ ಕೆಂಪು ಹಚ್ಚು.

ಅಚ್ಚುಕಟ್ಟಾದ ಕೋಡ್. ಊರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೆಸರಿದ್ದಿದ್ದರೆ ಇವತ್ತಿಗೂ ನಡೆಯುತ್ತಿತ್ತು.

ನಮ್ಮ ಕಡೆ ಭತ್ತ ಬೆಳೆಯುವವರಲ್ಲಿ ಅರ್ಧ ಜನ ಬಸವರಾಜ. ಉಳಿದರ್ಧ ಜನರ ಅಳಿಯ ಬಸವರಾಜ. ಆ ದಿನ ಅಂಗಳದಲ್ಲಿ ಟ್ರ್ಯಾಕ್ಟರಿಗೊಬ್ಬನಂತೆ ಬಸವರಾಜರಿದ್ದರು. ಅವರಲ್ಲಿ ಒಬ್ಬನ ಭತ್ತ ಹಸಿಯಿತ್ತು. ನನ್ನ ಕೋಡ್ ಒಳಗೆ ಹೋಗಿ 'ಬಸವರಾಜ ಹಸಿ ಇದ್ದಾನೋ?' ಎಂದು ಕೇಳಿತು, 'ಹೌದು' ಎಂಬ ಉತ್ತರ ಬಂತು, ಹೊರಗೆ ಬಂದು ಬಸವರಾಜ ಎಂದಿದ್ದ ಎಲ್ಲ ಹೆಸರಿಗೂ ಕೆಂಪು ಹಚ್ಚಿತು. ಖಾಜಾ ಚಾಚಾ "ಕೆಂಪು ಬಸವರಾಜ" ಎಂದು ಕೂಗಿದರು. ಅಂಗಳಕ್ಕೆ ಅಂಗಳವೇ ಎದ್ದು ಹೊರಟಿತು.

"ನಿಮ್ಮಾಗ ಹಸಿ ಯಾರು?" ಎಂದು ಚಾಚಾ ಕೇಳಿದರೆ, "ಟಿವಿಯಾಗ ಬಂದದಲ್ರೀ" ಎಂದು ಎಲ್ಲ ಬಸವರಾಜರೂ ಒಟ್ಟಿಗೆ ಹೇಳಿದರು. ಒಣಗಿದ ಭತ್ತವೂ ಇನ್ನೊಮ್ಮೆ ಒಣಗಿತು. ಮರುದಿನದಿಂದ ಹೆಸರಿನ ಜೊತೆ ಊರು, ಊರಿನ ಜೊತೆ ತಂದೆಯ ಹೆಸರು ಸೇರಿಸಿದೆ. ಅಕ್ಷತಾ, ಇದನ್ನು ಬರೆದಿಟ್ಟುಕೋ: ಲೇಬಲ್ ಎಂದ ಮೇಲೆ ಒಂದರಂತೆ ಇನ್ನೊಂದು ಇರಬಾರದು. ವಿಡಿಯೋದವರು ಇದನ್ನು ಹೇಳಿರುತ್ತಾರೆ. ಅವರು ಬಸವರಾಜರನ್ನು ಕಂಡಿಲ್ಲ.

ಇನ್ನು ದೇವದುರ್ಗದ ಗಲಾಟೆ. ಆ ಕಡೆಯ ರೈತರಿಗೆ ಪಾಳಿ ತಿಳಿಯಲೆಂದು ಸಾಹುಕಾರರು ದಿನಾ ಟೇಬಲ್ಲಿನ ಫೋಟೋವನ್ನು ವಾಟ್ಸಾಪಿನಲ್ಲಿ ದೇವದುರ್ಗದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿಗೆ ಕಳಿಸುತ್ತಿದ್ದರು. ಅಂಗಡಿಯವನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಿದ್ದ. ನಾನು ಆಗ ಹೆಸರಿನ ಹಿಂದೆ ಪೂರ್ತಿ ಕೆಂಪು ಪಟ್ಟಿ ಬರುವ ಹಾಗೆ ಮಾಡಿದ್ದೆ. ಮಾನ್ವಿಯ ಟಿವಿಯಲ್ಲಿ ನೋಡಲು ಚಂದ. ದೇವದುರ್ಗದ ಪ್ರಿಂಟರಿಗೆ ಗೊತ್ತಿದ್ದದ್ದು ಕಪ್ಪು ಒಂದೇ.

ಮರುದಿನ ಬೆಳಿಗ್ಗೆ ಒಂದು ಜೀಪು ಮಿಲ್ಲಿನ ಅಂಗಳಕ್ಕೆ ನುಗ್ಗಿತು. ಇಳಿದವರು ಅಮರೇಗೌಡರು. ದೇವದುರ್ಗದ ಕಡೆಯ ದೊಡ್ಡ ಒಕ್ಕಲುತನದವರು. ಬಿಳಿ ಅಂಗಿ, ಬಿಳಿ ಮೀಸೆ, ಬಿಳಿ ಟೊಪ್ಪಿಗೆ. ಕೈಯಲ್ಲಿ ಮಾತ್ರ ಒಂದು ಕಪ್ಪು ಕಾಗದ.

"ಶರಣಪ್ಪಾ, ನಿನಗ ನಾ ಏನ್ ಅನ್ಯಾಯ ಮಾಡೀನಿ?"

"ಯಾಕ್ರೀ ಗೌಡ್ರ, ಕೂಡ್ರಿ, ಏನಾತು?"

"ಬಸ್ ಸ್ಟ್ಯಾಂಡಿನ್ಯಾಗ ನನ್ನ ಹೆಸರಿಗಿ ಮಸಿ ಬಳಿಸೀಯಲ್ಲೋ. ಓಡಾಡೋ ಮಂದಿ ಎಲ್ಲಾ ನಿಂತು ನೋಡಾಕತ್ತಾರ. ನಮ್ಮ ಬೀಗರು ಫೋನ್ ಮಾಡಿ ಕೇಳಾಕತ್ತಾರ."

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಟಿವಿಯ ಕಡೆ ನೋಡಿದೆ. ಮೇಲಧಿಕಾರಿ ನಿಮ್ಮ ಕಡೆ ನೋಡಿದಾಗ ನೀವು ಯಂತ್ರದ ಕಡೆ ನೋಡಬೇಕು, ಇದು ವೃತ್ತಿಯ ಮೊದಲ ಪಾಠ. ಗೌಡರೂ ನನ್ನ ಜೊತೆ ಟಿವಿಯ ಕಡೆ ನೋಡಿದರು. ಅಲ್ಲಿ ಎಲ್ಲರಿಗಿಂತ ಮೇಲೆ ಅವರ ಹೆಸರು, ಅದರ ಹಿಂದೆ ಬಣ್ಣ ತುಂಬಿದ ಕೆಂಪು ಪಟ್ಟಿ.

"ಗೌಡ್ರ, ಅದು ಮಸಿ ಅಲ್ರೀ" ಎಂದೆ. "ಕುಂಕುಮ."

ಆ ಕ್ಷಣಕ್ಕೆ ಹೊಳೆದ ಮಾತು ಅದು. ಹೊಳೆದದ್ದಕ್ಕೆ ನನಗೇ ನನ್ನ ಮೇಲೆ ಗೌರವ ಬಂತು. ಗೌಡರು ಟಿವಿಯ ಹತ್ತಿರ ಹೋಗಿ ನೋಡಿದರು. ಮೀಸೆ ಸಡಿಲಾಯಿತು. "ಹಂಗಾರ ಚಲೋ ಆತು" ಎಂದು ಕುರ್ಚಿಯಲ್ಲಿ ಕೂತರು. ಫೋನ್ ತೆಗೆದು ಟಿವಿಯ ಫೋಟೋ ಹೊಡೆದು ಬೀಗರಿಗೆ ಕಳಿಸಿದರು. ಸಾಹುಕಾರರು ಚಹಾ ತರಿಸಿದರು.

ಆ ಚಹಾವನ್ನು ಇಡೀ ಅಂಗಳ ನೋಡಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತ್ತು: ಮಿಲ್ಲಿನ ಟಿವಿಯಲ್ಲಿ ದೊಡ್ಡ ಕುಳಗಳ ಹೆಸರಿಗೆ ಕುಂಕುಮ ಹಚ್ಚುತ್ತಾರೆ, ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ. ಕಪ್ಪು ಅಕ್ಷರದಲ್ಲಿ ಉಳಿದವರ ಮುಖ ಅಷ್ಟೇ ಕಪ್ಪಾಯಿತು. ಒಬ್ಬರು ಬಂದು "ನಮ್ಮ ಹೆಸರಿಗಿ ಸೂತಕ ಬಂದದೇನೋ ತಮ್ಮಾ?" ಎಂದು ಕೇಳಿದರು. ನಾನು ಕೆಂಪು ಬಿಟ್ಟು ಹಸಿರು ಹಾಕಿದೆ. ಅದು ಯಾರ ಬಾವುಟ ಎಂದು ಜಗಳ. ಕೇಸರಿ ಹಾಕಿದೆ, ಅದು ಯಾರ ಬಾವುಟ ಎಂದು ಇನ್ನೂ ದೊಡ್ಡ ಜಗಳ. ನೀಲಿಗೂ ಒಬ್ಬರಿದ್ದರು. ಬಣ್ಣವೇ ಬೇಡ ಎಂದು ಹಸಿ ಇದ್ದವರ ಅಕ್ಷರವನ್ನು ಸ್ವಲ್ಪ ವಾಲಿಸಿದೆ. ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದು ನಿಂತರು.

"ಇಕಿಗಿ ಹೇಳೋ ತಮ್ಮಾ, ನಾ ಕುಡದಿಲ್ಲ. ನನ್ನ ಹೆಸರು ಯಾಕ ತೂರಾಡಾಕತ್ತದ ಅಂತ ಇಕಿ ಕೇಳಾಕತ್ತಾಳ."

ಅಕ್ಷರ ದಪ್ಪ ಮಾಡಿದೆ. ತೆಳ್ಳಗಿನ ಅಕ್ಷರದವರು ಪಡಿ ಕಡಿಮೆ ಬಂದವರಂತೆ ಮುನಿಸಿಕೊಂಡರು. ಸಾಹುಕಾರರು ಬೇಸತ್ತು "ಕೆಂಪ ಇರ್ಲಿ ಬಿಡು" ಅಂದರು. ಕೆಂಪೇ ಉಳಿಯಿತು. ನಾವು ಗೆದ್ದೆವು ಎಂದುಕೊಂಡೆ.

ಜನ ಕೆಂಪಾಗುವ ದಾರಿ ಹುಡುಕಿಕೊಂಡರು. ದಾರಿ ಬಹಳ ಸುಲಭವಿತ್ತು. ಮಿಲ್ಲಿನ ಗೇಟಿನ ಪಕ್ಕ ನಲ್ಲಿ ಇತ್ತು.

ಹಸಿ ಅಳೆಯುವ ಮೀಟರಿಗೆ ಕಾಳು ತೆಗೆಯುವುದು ಮೇಲಿನ ಚೀಲದಿಂದ. ಗೇಟಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವುದು, ಮೇಲಿನ ಚೀಲದ ಮೇಲೆ ಒಂದು ಚೊಂಬು ನೀರು, ಒಳಗೆ ಬಂದು ಗಂಭೀರ ಮುಖ ಮಾಡಿಕೊಂಡು ನಿಲ್ಲುವುದು. ಮೀಟರ್ ಗಡಿ ದಾಟುತ್ತದೆ, ಹೆಸರು ಕೆಂಪಾಗುತ್ತದೆ, ಫೋಟೋ ಬೀಗರಿಗೆ ಹೋಗುತ್ತದೆ. ಅಮರೇಗೌಡರು ಎರಡನೇ ಲೋಡು ತಂದಾಗ ಚೊಂಬು ಅವರ ಅಂತಸ್ತಿಗೆ ಸಾಲಲಿಲ್ಲ. ಅವರ ಆಳುಗಳು ಪೈಪು ಹಿಡಿದರು. ಭತ್ತ ಒಣಗಿಸುವ ಮಿಲ್ಲಿಗೆ ಭತ್ತ ತೋಯಿಸಿಕೊಂಡು ಬರುವವರನ್ನು ನೋಡಿದ ಪುಣ್ಯ ನನ್ನದು. ಬೇರೆ ಯಾವ ಜಿಲ್ಲೆಯ ನಿವೃತ್ತರಿಗೂ ಅದು ಸಿಕ್ಕಿರಲಾರದು.

ಯಂಕವ್ವ ಬಂದದ್ದು ಆ ದಿನಗಳಲ್ಲಿ. ಸಣ್ಣ ಆಳು, ದೊಡ್ಡ ದನಿ. ಮೊಮ್ಮಗ ಟ್ರ್ಯಾಕ್ಟರಿನಿಂದ ಚೀಲ ಇಳಿಸಿ ಹೋದ. ಅವಳು ಚೀಲಗಳ ಪಕ್ಕದಲ್ಲೇ ಗೋಣಿ ಹಾಸಿಕೊಂಡು ಕೂತಳು. ಮಳೆಗೆ ಸಿಕ್ಕ ಭತ್ತ. ಮೇಲಿನ ಚೀಲ ಗಾಳಿಗೆ ಒಂದಿಷ್ಟು ಆರಿತ್ತು, ಒಳಗಿನವು ಪೂರ್ತಿ ಹಸಿ. ಮಾರಲು ತಂದದ್ದಲ್ಲ. ಒಣಗಿಸಿ, ಅಕ್ಕಿ ಮಾಡಿಸಿ, ಮುಂದಿನ ಸುಗ್ಗಿಯವರೆಗೆ ಮನೆಯವರೆಲ್ಲ ಉಣ್ಣಬೇಕಾದದ್ದು. ಮೀಟರಿನಲ್ಲಿ ಅವಳ ಮೇಲಿನ ಚೀಲದ ಅಂಕಿ ಗಡಿ ದಾಟಿತು. ಆದರೆ ಚೊಂಬಿನವರ ಅಂಕಿ ಅದಕ್ಕಿಂತ ಮೇಲಿತ್ತು. ಟೇಬಲ್ಲಿನಲ್ಲಿ ಅವಳ ಹೆಸರು ನಡುವಿನಲ್ಲಿ ಎಲ್ಲೋ ಕೆಂಪಾಗಿ ಕೂತಿತು. ಮೇಲೆ ಕೆಂಪು, ಕೆಳಗೆ ಕೆಂಪು. ಟಿವಿ ಮೆಣಸಿನಕಾಯಿ ಒಣಹಾಕಿದ ಮಾಳಿಗೆಯಂತಾಗಿತ್ತು.

"ಸಣ್ಣ ಆಚಾರ್ರ" ಎಂದು ಕರೆದಳು. ಮಿಲ್ಲಿನಲ್ಲಿ ನನ್ನ ಹೆಸರು ಅದೇ. "ನನ್ನ ಪಾಳಿ ಯಾವಾಗ ಬರ್ತದ?"

"ಬರ್ತದ ಯವ್ವಾ. ನಿನ್ನ ಹೆಸರು ಕೆಂಪ ಅದ, ನೋಡು."

"ನನಗ ಓದಾಕ ಬರಂಗಿಲ್ಲ. ಕೆಂಪ ಇದ್ರ ಏನಾಗ್ತದ?"

"ಮೊದಲ ಒಣಗಸ್ತಾರ."

"ಅಲ್ಲಿ ಎಲ್ಲಾ ಕೆಂಪ ಅದಾವಲ್ಲೋ. ಎಲ್ಲಾರೂ ಮೊದಲ ಆದ್ರ ಎರಡನೇದವರು ಯಾರು?"

ನಾನು ಲ್ಯಾಪ್‌ಟಾಪಿನ ಕಡೆ ನೋಡಿದೆ. ಮೇಲಧಿಕಾರಿಗಳ ವಿಷಯದಲ್ಲಿ ಕೆಲಸ ಮಾಡಿದ ಉಪಾಯ ಯಂಕವ್ವನ ಮುಂದೆ ಕೆಲಸ ಮಾಡಲಿಲ್ಲ. ಅವಳು ನನ್ನ ಕೈ ಹಿಡಿದು ಚೀಲದ ಬಾಯಿಯೊಳಗೆ ತೂರಿಸಿದಳು. ಒಳಗೆ ಜ್ವರ ಬಂದವರ ಅಂಗೈಯ ಹಾಗೆ ಬಿಸಿ.

"ನಾಳಿಗಿ ಮೊಳಕಿ ಬರ್ತದ" ಅಂದಳು. "ಮೊಳಕಿ ಬಂದದ್ದು ಕೋಳಿಗಿ ಹಾಕಬೇಕು. ನಮ್ಮ ಮನ್ಯಾಗ ಕೋಳಿ ಇಲ್ಲ, ಮಂದಿ ಅದಾರ."

ನಾನು ಚಾಚಾನ ಹತ್ತಿರ ಓಡಿದೆ. "ಚಾಚಾ, ಆ ಯವ್ವನ ಚೀಲ ಮೊದಲ ಹಾಕ್ರಿ."

"ಟಿವಿ ಹೇಳಿದಂಗ ಹಾಕು ಅಂತ ಸಾವ್ಕಾರ್ರು ಹೇಳ್ಯಾರ ಭಾಯಿ. ಆಕಿನ್ನ ಮುಂದ ಕರದ್ರ ಗೌಡ್ರು ನನ್ನೇ ಡ್ರೈಯರಿನ್ಯಾಗ ಹಾಕ್ತಾರ."

ಸಾಹುಕಾರರ ಹತ್ತಿರ ಹೋದೆ. "ಮಂದಿ ಮ್ಯಾಲಿನ ಚೀಲಕ್ಕ ನೀರು ಹಾಕಾಕತ್ತಾರ್ರಿ."

"ಗೊತ್ತದ" ಅಂದರು.

"ಅವರಿಗಿ ಹೇಳ್ರಿ ಮತ್ತ."

"ಯಾರಿಗಂತ ಹೇಳ್ಲಿ? ಎಲ್ಲಾರೂ ನನ್ನ ಗಿರಾಕಿ. ನೀ ಸುಳ್ಳ ಹೇಳಾಕತ್ತೀ ಅಂದ್ರ ನಾಳಿಗಿ ಬ್ಯಾರೆ ಮಿಲ್ಲಿಗಿ ಹೋಗ್ತಾರ. ನಿನ್ನ ಟಿವಿಗಿ ಹೇಳು, ಅದಕ್ಕ ಯಾರ ಹಂಗೂ ಇಲ್ಲ."

ಟಿವಿಗೆ ಹೇಳಲು ಕೂತೆ. ಸುಮ್ಮನೆ ಈ ಕೆಂಪನ್ನೇ ತೆಗೆದುಬಿಡೋಣ, ಕುಂಕುಮದ ಆಸೆ ಹೋದರೆ ಚೊಂಬೂ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಪಟ್ಟಿಯ ಬಣ್ಣ ತೆಗೆದು ಬಿಳಿ ಮಾಡಬೇಕಿತ್ತು. ಗಡಿಬಿಡಿಯಲ್ಲಿ 'ಬಿಳಿ' ಎಂಬುದನ್ನು ಪಟ್ಟಿಗೂ ಬರೆದೆ, ಅಕ್ಷರಕ್ಕೂ ಬರೆದೆ. ಬಿಳಿ ಪಟ್ಟಿಯ ಮೇಲೆ ಬಿಳಿ ಅಕ್ಷರ. ಬಟನ್ ಒತ್ತಿದೆ.

ಗಡಿ ದಾಟಿದವರೆಲ್ಲರ ಹೆಸರು ಟಿವಿಯಿಂದ ಮಾಯವಾಯಿತು.

ಊರು ಇದೆ, ಚೀಲ ಇದೆ, ಹಸಿ ಇದೆ. ಹೆಸರಿನ ಜಾಗ ಮಾತ್ರ ಖಾಲಿ. ನಮ್ಮ ಕಡೆ ಜಗಳ ತಾರಕಕ್ಕೇರಿದಾಗ ಬಯ್ಯುವ ಕೊನೆಯ ಬೈಗುಳ 'ನಿನ್ನ ಹೆಸರು ಅಳಿಸಿ ಹೋಗ' ಎಂಬುದು. ಅದನ್ನು ನಾನು ಒಂದೇ ಬಟನ್ನಿನಲ್ಲಿ ಇಡೀ ಅಂಗಳಕ್ಕೆ ಬೈದಿದ್ದೆ. ಎಲ್ಲರೂ ಎದ್ದು ಟಿವಿಯ ಕಡೆ ಓಡಿದರು. ಚಹಾ ಕುಡಿಯುತ್ತಿದ್ದವರು ಕಪ್ ಹಿಡಿದುಕೊಂಡೇ ಓಡಿದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡೆ. ಹೊಡೆತ ಬಿದ್ದರೆ ಅದಕ್ಕೆ ಬೀಳಬಾರದೆಂದು. ನನ್ನ ತಲೆ ಹೇಗೂ ಗಣಿತಕ್ಕೆ ಬರುತ್ತಿರಲಿಲ್ಲ.

ಆಗ ಕಂಡದ್ದು: ಇಡೀ ಅಂಗಳದಲ್ಲಿ ಒಬ್ಬಳು ಮಾತ್ರ ಎದ್ದಿರಲಿಲ್ಲ. ಯಂಕವ್ವ ಗೋಣಿಯ ಮೇಲೆ ಕೂತು, ಮೊಣಕೈವರೆಗೆ ಚೀಲದೊಳಗೆ ಕೈ ಇಟ್ಟುಕೊಂಡು, ಕಾವು ನೋಡುತ್ತಿದ್ದಳು.

"ಯವ್ವಾ, ನಿನ್ನ ಹೆಸರೂ ಹೋಗ್ಯದ" ಎಂದು ಕೂಗಿದೆ.

"ಹೋದ್ರ ಹೋಗ್ಲಿ. ಭತ್ತ ಅದ ಇಲ್ಲ?" ಅಂದಳು.

ಹೊಳೆಯಿತು. ಈ ಸಲ ಹೊಳೆದದ್ದಕ್ಕೆ ನನ್ನ ಮೇಲೆ ಬಂದ ಗೌರವ ಇನ್ನೂ ಹೋಗಿಲ್ಲ. ನಾನು ತಪ್ಪನ್ನು ತಿದ್ದಲಿಲ್ಲ. ಸ್ಟೂಲಿನ ಮೇಲೆ ಹತ್ತಿ ನಿಂತೆ.

"ಎಲ್ಲಾರೂ ಕೇಳ್ರಿ. ಇವತ್ತಿನಿಂದ ರೂಲು ಬದಲಿ ಆಗ್ಯದ. ಹಸಿ ಭತ್ತದವರ ಹೆಸರು ಕಾಣಂಗಿಲ್ಲ. ಒಣ ಭತ್ತದವರ ಹೆಸರು ಕಾಣ್ತದ. ಡ್ರೈಯರ್ ಪಾಳಿ ಮಾತ್ರ ಹೆಸರು ಇಲ್ಲದವರದು."

ಆಮೇಲೆ ಒಬ್ಬ ಬಸವರಾಜ ಮುಂದೆ ಬಂದ.

"ನಂದು ಒಣ ಭತ್ತ ಅದಲೋ ತಮ್ಮಾ. ಮೀಟರ್ ಹಿಡಿ ಇನ್ನೊಮ್ಮೆ."

"ಮೀಟರಿನ್ಯಾಗ ಹಸಿ ಅಂತ ಬಂದದಲ್ರೀ."

"ಮ್ಯಾಲಿನ ಚೀಲ ನೋಡಬ್ಯಾಡ, ಅದು... ಅದು ಇಬ್ಬನಿ. ತಳದ ಚೀಲ ನೋಡು."

ಇಬ್ಬನಿ ಎಂಬ ಪದ ಆ ದಿನ ಅಂಗಳದಲ್ಲಿ ಬಹಳ ಸಲ ಕೇಳಿಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಅಷ್ಟು ಇಬ್ಬನಿ ಬಿದ್ದದ್ದು ರಾಯಚೂರು ಜಿಲ್ಲೆಯಲ್ಲಿ ಅದೇ ಮೊದಲಿರಬೇಕು. ನಿನ್ನೆಯವರೆಗೆ ಮೇಲಿನ ಚೀಲ ತೋರಿಸುತ್ತಿದ್ದವರು ಇವತ್ತು ತಾವೇ ಮೈ ಬಗ್ಗಿಸಿ ಮೇಲಿನ ಚೀಲ ಇಳಿಸಿ ತಳದ ಚೀಲ ತೋರಿಸಿದರು. ಖಾಜಾ ಚಾಚಾ ಮೀಟರ್ ಹಿಡಿದುಕೊಂಡು ಒಂದೊಂದು ಟ್ರ್ಯಾಕ್ಟರಿಗೂ ಹೋದರು. ಒಂದೊಂದೇ ಹೆಸರು ಟಿವಿಗೆ ವಾಪಸು ಬಂತು. ಬಂದ ಹಾಗೆಲ್ಲ ಅವರು ಫೋಟೋ ಹೊಡೆದುಕೊಂಡರು. ಕೋಡಿನಲ್ಲಿ ನಾನು ಬದಲಿಸಿದ್ದು ಬಣ್ಣ ಒಂದೇ. ಗಡಿ ಅದೇ, ಅಪ್ಪಣೆ ಅದೇ.

ಕೊನೆಗೆ ಟೇಬಲ್ಲಿನ ಮೇಲ್ತುದಿಯಲ್ಲಿ ಹೆಸರಿಲ್ಲದ ಎರಡು ಸಾಲು ಉಳಿದವು. ಒಂದರ ಮುಂದೆ ಹಿರೇಕೊಟ್ನೆಕಲ್. ಇನ್ನೊಂದರ ಮುಂದೆ ದೇವದುರ್ಗ.

ಅಮರೇಗೌಡರು ಟಿವಿ ತೋರಿಸಿದರು. "ಖಾಜಾ, ನಂದೂ ತಳದ ಚೀಲ ನೋಡು. ನಂದೂ ಇಬ್ಬನಿ."

ಚಾಚಾ ತಳದ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದರು. ಮೀಟರ್ ನೋಡಿದರು. ಗೌಡರಿಗೆ ತೋರಿಸಲಿಲ್ಲ, ನನಗೆ ತೋರಿಸಿದರು. ಇನ್ನೊಂದು ಚೀಲ. ಮತ್ತೊಂದು. ಪೈಪಿನ ನೀರು ತಳದವರೆಗೆ ಇಳಿದು, ತಾಡಪತ್ರಿಯ ಕೆಳಗೆ ಬೆಂದು ಕೂತಿತ್ತು. ಕೊನೆಯ ಚೀಲದಿಂದ ಚಾಚಾ ಹೊರಗೆ ತೆಗೆದ ಕಾಳಿನ ತುದಿಯಲ್ಲಿ ಬಿಳಿ ಮೂಗುತಿಯಂತೆ ಸಣ್ಣ ಮೊಳಕೆ.

ಗೌಡರು ಆ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಎಷ್ಟಾದರೂ ಒಕ್ಕಲುತನ ಮಾಡಿದವರು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಬಗ್ಗಿದರು.

"ತಮ್ಮಾ, ಹೆಸರು ಕಾಣದಿದ್ರೂ ನಡೀತದ. ನನ್ನ ಲೋಡು ಮುಂದ ತಗೋ."

ಸಾಲಿನ ಅಂಕಿ ನೋಡಿದೆ. ಪೈಪಿನ ಕೃಪೆಯಿಂದ ಗೌಡರದ್ದೇ ಮೇಲಿತ್ತು. ಟಿವಿ ಹೇಳಿದಂತೆ ನಡೆದರೆ ಅವರದ್ದೇ ಮೊದಲು. ನಾನು ಯಂಕವ್ವನ ಕಡೆ ನೋಡಿದೆ. ಅವಳು ಆಗಲೇ ಎದ್ದು ಬಂದಿದ್ದಳು. ಗೌಡರ ಅಂಗೈಯ ಕಾಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ನಿಮ್ಮದು ಆಗ್ಲೇ ಹುಟ್ಟೇದ ಗೌಡ್ರ. ನಂದು ಇನ್ನಾ ಹೆರಿಗಿ ಬ್ಯಾನಿ ತಿನ್ನಾಕತ್ತದ. ಯಾರನ್ನ ಮೊದಲ ಒಳಗ ಕರೀಬೇಕು, ನೀವ ಹೇಳ್ರಿ."

ಗೌಡರು ಮೊದಲು ಅವಳನ್ನು, ಆಮೇಲೆ ಖಾಲಿ ಸಾಲನ್ನು ನೋಡಿದರು. "ನಿಂದ ಹಾಕ್ಸು ಯವ್ವಾ" ಅಂದರು. ತಾವೇ ತಮ್ಮ ಆಳುಗಳನ್ನು ಕೂಗಿ ಅವಳ ಚೀಲ ಎತ್ತಿಸಿದರು.

ಯಂಕವ್ವ ಬೆಳಿಗ್ಗೆಯಿಂದ ಕೂತ ಗೋಣಿಯನ್ನು ಜಾಡಿಸಿ ಅರ್ಧ ಭಾಗ ಗೌಡರ ಕಡೆ ಹಾಸಿದಳು. "ಬರ್ರಿ ಗೌಡ್ರ, ಕೂಡ್ರಿ. ಹೆಸರಿಲ್ಲದವರ ಪಾಳಿ ಇದು." ಬಿಳಿ ಅಂಗಿಯ ಗೌಡರು ಗೋಣಿಯ ಮೇಲೆ ಕೂತರು. ಸಾಹುಕಾರರು ಇಬ್ಬರಿಗೂ ಚಹಾ ಕಳಿಸಿದರು. ಯಂಕವ್ವನ ಭತ್ತದಲ್ಲಿ ಒಂದು ಚೀಲ ಕೆಟ್ಟಿತು, ಉಳಿದದ್ದು ಉಳಿಯಿತು. ಗೌಡರದ್ದು ಎಷ್ಟು ಕೆಟ್ಟಿತೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ದೇವದುರ್ಗದ ಗೋಡೆಯಲ್ಲಿ ಮಾತ್ರ ಆ ದಿನದ ಪ್ರಿಂಟ್ ಬಹಳ ಸ್ವಚ್ಛವಾಗಿ ಬಂದಿತ್ತಂತೆ.

ಆ ನಿಯಮ ಈಗಲೂ ಇದೆ. ಗೇಟಿನ ನಲ್ಲಿಯಲ್ಲಿ ಈಗ ಜನ ಕೈಕಾಲು ತೊಳೆಯುತ್ತಾರೆ.

ಸುಗ್ಗಿ ಮುಗಿದ ಮೇಲೆ ಅಪ್ಪ ನನ್ನ ನಿವೃತ್ತಿಯ ಆದೇಶ ಹೊರಡಿಸಿದರು. ರಾಯಚೂರಿನ ಕಾಲೇಜು, ಹಾಸ್ಟೆಲು, ಗಣಿತ. ಸಾಹುಕಾರರು ಬೀಳ್ಕೊಡುಗೆ ಮಾಡದೆ ಕಳಿಸುವುದಿಲ್ಲ ಎಂದರು. ಅಂಗಳದಲ್ಲಿ ಕುರ್ಚಿ ಹಾಕಿಸಿದರು. ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ. ಅಪ್ಪನನ್ನೂ ಕರೆಸಿದರು. ಅಕ್ಕಿ ಒಯ್ಯಲು ಬಂದಿದ್ದ ಯಂಕವ್ವ, ಮಿರ್ಚಿ ಕಂಡು ನಿಂತಳು. ಖಾಜಾ ಚಾಚಾ ನನ್ನ ಕೊರಳಿಗೆ ಹಾರ ಹಾಕಿದರು.

"ಅಕ್ಷತಾ" ಎಂದು ಸಾಹುಕಾರರು ಹೊಸ ಅಧಿಕಾರಿಗೆ ಹೇಳಿದರು. "ಟಿವಿಯಾಗ ಪ್ರಾಣೇಶನ ಹೆಸರು ಹಾಕು. ಎಲ್ಲಾರಕಿಂತ ಮ್ಯಾಲ ಬರಬೇಕು."

"ಮ್ಯಾಲ ಬರಬೇಕಂದ್ರ ಹಸಿ ಜಾಸ್ತಿ ಇರಬೇಕು ಮಾಮಾ. ಎಷ್ಟು ಹಾಕ್ಲಿ?"

"ಎಷ್ಟು ಜಾಸ್ತಿ ಆಗ್ತದ ಅಷ್ಟು ಹಾಕು. ನಮ್ಮ ಹುಡುಗನ ಮ್ಯಾಲ ಯಾರೂ ಬರಬಾರದು."

ಅವಳು ನನ್ನ ಹೆಸರು ಬರೆದಳು, ಹಸಿ ನೂರು ಎಂದು ಬರೆದಳು, ಬಟನ್ ಒತ್ತಿದಳು. ಏನಾಗುತ್ತದೆ ಎಂದು ಆ ಗಡಿಬಿಡಿಯಲ್ಲಿ ಹೊಳೆದದ್ದು ನನಗೊಬ್ಬನಿಗೇ. ತಡೆಯಬಹುದಿತ್ತು. ಹಾರ ಹಾಕಿಕೊಂಡು ಓಡುವುದು ಚಂದ ಕಾಣುವುದಿಲ್ಲ ಎಂದು ಸುಮ್ಮನಿದ್ದೆ.

ಎಲ್ಲರಿಗಿಂತ ಮೇಲೆ ಒಂದು ಸಾಲು ಬಂತು. ಹೆಸರಿನ ಜಾಗ ಬೆಳ್ಳಗೆ ಖಾಲಿ. ಪಕ್ಕದಲ್ಲಿ ನೂರು. ಜನ ಖಾಲಿ ಜಾಗ ನೋಡಿ ಚಪ್ಪಾಳೆ ತಟ್ಟಿದರು. ಖಾಜಾ ಚಾಚಾ ಮಿರ್ಚಿ ಅಗಿಯುತ್ತಾ "ಈ ಹುಡುಗ ಇನ್ನಾ ಬಾಳ ಹಸಿ ಅದಾನ" ಅಂದರು.

ಆಗಷ್ಟೇ ಬಂದ ಅಪ್ಪ ಕನ್ನಡಕ ಸರಿ ಮಾಡಿಕೊಂಡು ಟಿವಿಯ ಹತ್ತಿರ ಹೋದರು. ಗಣಿತದ ಮೇಷ್ಟ್ರ ಕಣ್ಣಿಗೆ ಬೀಳುವುದು ಹೆಸರಲ್ಲ, ಅಂಕಿ.

"ಯಾರದು ಇದು, ನೂರಕ್ಕ ನೂರು?"

ಯಂಕವ್ವ ಒಗ್ಗರಣಿಯ ತಟ್ಟೆಯಿಂದ ತಲೆ ಎತ್ತಿದಳು. ಆ ಇಡೀ ಅಂಗಳದಲ್ಲಿ ಓದಲು ಬಾರದವಳು ಅವಳೊಬ್ಬಳೇ. ಖಾಲಿ ಜಾಗವನ್ನು ಸರಿಯಾಗಿ ಓದಿದವಳೂ ಅವಳೊಬ್ಬಳೇ.

"ನಿಮ್ಮ ಮಗಂದ್ರೀ ಆಚಾರ್ರ" ಅಂದಳು.